ಜಗಲಿಯ ಮೇಲಿನ ಓಲೆಯ ಕಟ್ಟು

ನಮ್ಮ ನಾಡಿನ ಹಳೆಯ ಮನೆತನಗಳಲ್ಲಿ ದೇವರ ಜಗಲಿಯ ಮೇಲೋ, ಗೋಡೆಯ ಮಾಡದಲ್ಲೋ ಕೆಂಪು ವಸ್ತ್ರದಲ್ಲಿ ಸುತ್ತಿದ ನೀಳವಾದ ಒಂದು ಗಂಟನ್ನು ಕಾಣುವುದುಂಟು. ಶ್ರಾವಣ ಮಾಸದಲ್ಲಿ, ಬಸವ ಜಯಂತಿಯಂದು ಅದನ್ನು ಭಕ್ತಿಯಿಂದ ಕೆಳಗಿಳಿಸಿ, ವಿಭೂತಿ ಧರಿಸಿ, ಪತ್ರೆ ಪುಷ್ಪಗಳನ್ನೇರಿಸಿ, ಧೂಪ ದೀಪಗಳನ್ನು ಬೆಳಗಿ, ಮತ್ತೆ ಇದ್ದಲ್ಲಿಯೇ ಇಡುತ್ತಾರೆ. 'ಅದೇನು?' ಎಂದು ಮನೆಯ ಮಕ್ಕಳು ಕೇಳಿದರೆ 'ಶರಣರ ಗ್ರಂಥ' ಎಂದು ಹಿರಿಯರು ಹೇಳುತ್ತಾರೆ. 'ಅದರಲ್ಲಿ ಏನಿದೆ?' ಎಂದು ಕೇಳಿದರೆ ಉತ್ತರವಿಲ್ಲ. ಏಕೆಂದರೆ ಆ ಗಂಟನ್ನು ಬಿಚ್ಚಿ ಎರಡು ಮೂರು ತಲೆಮಾರುಗಳೇ ಕಳೆದಿರುತ್ತವೆ.

ಕೆಲವು ವರ್ಷಗಳ ಹಿಂದೆ ಶ್ರಾವಣ ಮಾಸದ ಪ್ರವಚನದ ನಿಮಿತ್ತ ಮಲಪ್ರಭಾ ತೀರದ ಒಂದು ಹಳ್ಳಿಯಲ್ಲಿ ನಾವು ತಂಗಿದ್ದೆವು. ಪ್ರಸಾದಕ್ಕೆಂದು ಕರೆದೊಯ್ದ ಮನೆಯಲ್ಲಿ ಇಂತಹುದೇ ಒಂದು ಗಂಟು ನಮ್ಮ ಕಣ್ಣಿಗೆ ಬಿದ್ದಿತು. ಬಿಚ್ಚಿ ನೋಡಬಹುದೇ ಎಂದು ಕೇಳಿದೆವು. ಮನೆಯ ಯುವಕರು ಒಪ್ಪಿದರು. ಆದರೆ ಎಂಬತ್ತರ ಸಮೀಪದ ವೃದ್ಧ ತಾಯಿ ಮಾತ್ರ ಜಗಲಿಯ ಮುಂದೆ ನಿಂತು, 'ಗುರುಗಳ, ನಮ್ಮ ಅತ್ತಿಯವರು ಇದನ್ನ ಬಿಚ್ಚಬ್ಯಾಡ ಅಂತ ಹೇಳಿ ಲಿಂಗೈಕ್ಯ ಆದ್ರು. ನಾ ಹ್ಯಾಂಗ ಬಿಚ್ಚಲ್ರಿ?' ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾವು ಒತ್ತಾಯ ಮಾಡಲಿಲ್ಲ. ಗಂಟಿನ ಬುಡದಿಂದ ಸಣ್ಣಗೆ ಕಂದು ಬಣ್ಣದ ಪುಡಿ ಉದುರಿ ಜಗಲಿಯ ಮೇಲೆ ಬಿದ್ದಿತ್ತು. ಅದನ್ನು ಬೆರಳಿನಿಂದ ತೋರಿಸಿ, 'ಅವ್ವಾ, ಇದು ಬೂದಿಯಲ್ಲ, ಇದು ಹುಳು ತಿಂದು ಉಗುಳಿದ ಓಲೆ. ನೀವು ಪೂಜಿಸುತ್ತಿರುವ ಗ್ರಂಥ ಒಳಗೊಳಗೇ ಕರಗುತ್ತಿದೆ' ಎಂದಷ್ಟೇ ಹೇಳಿ ಬಂದೆವು.

ಆ ಗಂಟಿಗೆ ಮುಂದೇನಾಯಿತೆಂಬುದನ್ನು ಕೊನೆಗೆ ನಿವೇದಿಸುತ್ತೇವೆ. ಅದಕ್ಕೆ ಮೊದಲು, ಇಂತಹ ಹಳೆಯ ವಸ್ತುಗಳನ್ನು ಉಳಿಸಿಕೊಳ್ಳುವುದೆಂದರೆ ಏನು, ಉಳಿಸುವೆವೆಂಬ ಸದುದ್ದೇಶದಿಂದಲೇ ಅವುಗಳನ್ನು ಹಾಳುಗೆಡಹುವುದು ಹೇಗೆ ಎಂಬುದನ್ನು ಓದುಗ ಬಂಧುಗಳೊಡನೆ ವಿಚಾರ ಮಾಡಬೇಕೆನಿಸಿದೆ.

ಓಲೆಯಾಗುವ ಬಗೆ

ಓಲೆಗೆ ಒದಗುವ ಗರಿಗಳು ಮುಖ್ಯವಾಗಿ ಎರಡು ಬಗೆಯವು. ಒಂದು ತಾಳೆ, ಇನ್ನೊಂದು ಶ್ರೀತಾಳೆ. ತಾಳೆಯ ಗರಿ ದಪ್ಪ, ಬಿರುಸು. ವಯಸ್ಸಾದಂತೆ ಬಾಗಿಸಿದರೆ ಮುರಿಯುತ್ತದೆ, ಹುಳುಗಳಿಗೂ ಬೇಗ ತುತ್ತಾಗುತ್ತದೆ. ಶ್ರೀತಾಳೆಯ ಗರಿ ಅಗಲ, ತೆಳು, ಮೃದು. ಶತಮಾನಗಳು ಕಳೆದರೂ ಬಾಗುವ ಗುಣವನ್ನು ಬಿಡದು. ಈ ಶ್ರೀತಾಳೆಯ ಮರವು ತನ್ನ ಜೀವಮಾನದಲ್ಲಿ ಒಮ್ಮೆ ಮಾತ್ರ ಹೂಬಿಟ್ಟು, ಫಲಕೊಟ್ಟು, ಅನಂತರ ಒಣಗಿಹೋಗುತ್ತದೆ.

ಎಳೆಯ ಗರಿಯನ್ನು ಕೊಯ್ದು, ನಡುವಿನ ಕಡ್ಡಿಯನ್ನು ತೆಗೆದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲಿನಿಂದ ತಿಕ್ಕಿ, ಒಂದೇ ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದರು. ಕುದಿಸುವಾಗ ಅರಿಸಿನ ಬೆರೆಸುವ ವಾಡಿಕೆಯೂ ಇತ್ತು. ಗರಿಯಲ್ಲಿ ಒಂದೋ ಎರಡೋ ರಂಧ್ರಗಳನ್ನು ಮಾಡಿ, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟಿದರೆ ಅದು ಒಂದು 'ಕಟ್ಟು'. ಬರೆಯುವ ಸಾಧನ ಕಬ್ಬಿಣದ 'ಕಂಟ'. ಕಂಟದಿಂದ ಬರೆಯುವುದೆಂದರೆ ಅಕ್ಷರವನ್ನು ಗರಿಯ ಮೈಯಲ್ಲಿ ಕೊರೆಯುವುದು. ಕೊರೆದ ಅಕ್ಷರ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣದು. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಮೇಲೆ ಸವರಿ, ಹೆಚ್ಚಾದುದನ್ನು ಒರೆಸಿದರೆ, ಕೊರೆದ ಗೆರೆಯಲ್ಲಿ ಮಸಿ ನಿಂತು ಅಕ್ಷರ ಮೂಡುತ್ತದೆ. ಶ್ರೀತಾಳೆಯ ಮೇಲೆ ಲೇಖನಿಯಿಂದ ಶಾಯಿಯಲ್ಲಿಯೇ ಬರೆಯುವುದೂ ಉಂಟು. ಕೊರೆದ ಓಲೆ, ಶಾಯಿಯ ಓಲೆ ಎಂಬ ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಒಂದಕ್ಕೆ ಹಿತವಾದ ಚಿಕಿತ್ಸೆ ಇನ್ನೊಂದಕ್ಕೆ ಮಾರಕವಾಗುತ್ತದೆ.

ಹಳೆಯ ಓಲೆಗಳಲ್ಲಿ ಪದಪದಗಳ ನಡುವೆ ಬಿಡುವಿರುವುದಿಲ್ಲ. ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಅನೇಕ ಪ್ರತಿಗಳಲ್ಲಿ ಭೇದವನ್ನೇ ತೋರಿಸಿರುವುದಿಲ್ಲ. 'ಒಲೆ' ಎಂದು ಬರೆದಿರುವುದು ಅಡುಗೆಯ ಒಲೆಯೋ ಬರೆಯುವ ಓಲೆಯೋ ಎಂಬುದನ್ನು ಸಂದರ್ಭದಿಂದ ಓದುಗನೇ ನಿರ್ಣಯಿಸಬೇಕು. ಆದುದರಿಂದ ಓಲೆಯನ್ನು ಓದುವುದೇ ಒಂದು ಪ್ರತ್ಯೇಕ ವಿದ್ಯೆ. ಪ್ರತಿ ಮಾಡುವವರು ಗ್ರಂಥದ ಕೊನೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಿನ್ನವಿಸುತ್ತಿದ್ದರು. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ಅಜ್ಞಾನಿಯ ಕೈಯಿಂದ ಗ್ರಂಥವನ್ನು ಕಾಪಾಡಿರಿ ಎಂದು ಕೇಳಿಕೊಳ್ಳುವುದೂ ನಮ್ಮ ದೇಶದ ಲಿಪಿಕಾರರ ಹಳೆಯ ಸಂಪ್ರದಾಯ. ಈ ನಾಲ್ಕು ಶತ್ರುಗಳ ಪಟ್ಟಿಯನ್ನು ಇಂದಿನ ಯಾವ ಪ್ರಯೋಗಾಲಯವೂ ತಳ್ಳಿಹಾಕಲಾರದು.

ಓದಿದ್ದರಿಂದ ಉಳಿದದ್ದು

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನುಡಿದ ಶರಣರ ವಾಣಿ ನಮ್ಮವರೆಗೆ ಬಂದ ದಾರಿ ಸುಗಮವಾದುದಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದರೆಂಬುದು ನಮ್ಮ ಪರಂಪರೆಯ ನಂಬಿಕೆ. ಇಂದು ನಮಗೆ ದೊರೆಯುವ ವಚನ ಸಂಕಲನಗಳಾದರೋ ಬಹುಮಟ್ಟಿಗೆ ಹದಿನೈದನೆಯ ಶತಮಾನದಿಂದ ಈಚಿನವು. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ವಿರಕ್ತರೂ ದಂಡನಾಯಕರೂ ಕೂಡಿ ಚೆದುರಿದ ವಚನಗಳನ್ನು ಕಲೆಹಾಕಿದರು, ಸ್ಥಲಗಳಿಗೆ ಹೊಂದಿಸಿದರು, ಶೂನ್ಯಸಂಪಾದನೆಯಂತಹ ಮಹಾಕೃತಿ ರೂಪುಗೊಂಡಿತು. ಆಮೇಲೆ ಊರೂರಿನ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಪ್ರತಿಯಿಂದ ಪ್ರತಿ ಹುಟ್ಟಿತು. ಒಂದು ಓಲೆ ಜೀರ್ಣವಾಗುವ ಮೊದಲೇ ಅದನ್ನು ನೋಡಿ ಇನ್ನೊಂದನ್ನು ಬರೆಯುತ್ತಿದ್ದರು. ಅಂದಿನ ಸಂರಕ್ಷಣೆಯೆಂದರೆ ಪ್ರತಿ ಮಾಡುವುದೇ ಆಗಿತ್ತು. ಓದುವವರಿದ್ದರು, ಆದುದರಿಂದ ಬರೆಯುವವರಿದ್ದರು, ಆದುದರಿಂದ ವಚನಗಳು ಉಳಿದವು.

ಈ ಸರಪಳಿ ತುಂಡಾಗುವ ಕಾಲದಲ್ಲಿ ಬಂದವರು ಫ. ಗು. ಹಳಕಟ್ಟಿಯವರು (1880–1964). ವಿಜಯಪುರದಲ್ಲಿ ವಕೀಲರಾಗಿದ್ದ ಈ ಮಹನೀಯರು ಊರೂರು ಅಲೆದು, ಮಠಗಳ ಮತ್ತು ಮನೆಗಳ ಅಟ್ಟಗಳಿಂದ ಕಟ್ಟುಗಳನ್ನು ಇಳಿಸಿ, ಧೂಳು ಕೊಡವಿ, ಓದಿ, ಪ್ರತಿ ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1925ರಲ್ಲಿ 'ಹಿತಚಿಂತಕ' ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಇದೇ ಕಾಲದಲ್ಲಿ ಕ್ರೈಸ್ತ ಧರ್ಮಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಕೈಬರಹದ ಪ್ರತಿಗಳಿಂದ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಇಂತಹ ಅನೇಕರ ದುಡಿಮೆಯ ಮೇಲೆಯೇ, 1993ರಲ್ಲಿ ಕರ್ನಾಟಕ ಸರ್ಕಾರ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯ ನಿಂತಿದೆ.

ಬಿಚ್ಚದ ಕಟ್ಟಿನಲ್ಲಿ ಏನು ಅಡಗಿರಬಹುದೆಂಬುದಕ್ಕೆ ಮೈಸೂರಿನ ದೃಷ್ಟಾಂತವೊಂದು ಸಾಕು. 1891ರಲ್ಲಿ ಸ್ಥಾಪಿತವಾದ ಅಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟಿದ್ದ ಓಲೆಯ ಕಟ್ಟೊಂದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಓದಿ ನೋಡಿದರು. ಲೋಕವೆಲ್ಲ ಕಳೆದುಹೋಯಿತೆಂದು ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದಾಗಿತ್ತು! 1909ರಲ್ಲಿ ಅದು ಮುದ್ರಣವಾಯಿತು. ಮೂಡಬಿದಿರೆಯ ಜೈನ ಬಸದಿಯ ಕಥೆಯೂ ಮನನೀಯವಾದುದು. ಹನ್ನೆರಡನೆಯ ಶತಮಾನದಲ್ಲಿ ಹಳೆಗನ್ನಡ ಲಿಪಿಯಲ್ಲಿ ಬರೆದ ಧವಳಾದಿ ಸಿದ್ಧಾಂತ ಗ್ರಂಥಗಳ ಓಲೆಗಳನ್ನು ಅಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಇಟ್ಟಿದ್ದರು. ಅವರ ಶ್ರದ್ಧೆಯಿಂದಲೇ ಅವು ಉಳಿದವು ಎಂಬುದು ನಿಜ. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಿಂದ ಧವಳಾ ಟೀಕೆ ಅಚ್ಚಾಗತೊಡಗಿದ ಮೇಲೆಯೇ ಅವು ಮತ್ತೆ ಶಾಸ್ತ್ರಗಳಾದವು. ಅಲ್ಲಿಯವರೆಗೆ ಅವು ಪೂಜಾವಸ್ತುಗಳಾಗಿದ್ದವು.

ಭಕ್ತಿಯಿಂದಲೇ ಸವೆಯುವ ಗ್ರಂಥ

ಓಲೆಗೆ ಮೊದಲ ವೈರಿ ತೇವ. ಗಾಳಿಯ ತೇವಾಂಶ ನೂರಕ್ಕೆ ಅರವತ್ತೈದು ಎಪ್ಪತ್ತನ್ನು ಮೀರಿ ಬಹುದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ತೀರ ಒಣಹವೆಯಾದರೆ ಗರಿ ಸೆಟೆದು ಸೀಳುತ್ತದೆ. ಎರಡನೆಯ ವೈರಿ ಹುಳು. ಗರಿಯಲ್ಲಿರುವ ಪಿಷ್ಟದ ಅಂಶಕ್ಕೆ ಆಸೆಪಟ್ಟು ಬರುವ ಕೀಟ ಮೊದಲ ಗರಿಯಿಂದ ಕೊನೆಯ ಗರಿಯವರೆಗೆ ಒಂದೇ ಸುರಂಗ ಕೊರೆಯುತ್ತದೆ. ಗೆದ್ದಲು, ಜಿರಲೆ, ಇಲಿಗಳನ್ನು ಬೇರೆ ಹೇಳಬೇಕಾಗಿಲ್ಲ. ಮೂರನೆಯದು ದಾರ. ಬಿಗಿಯಾದರೆ ರಂಧ್ರವನ್ನು ಹರಿಯುತ್ತದೆ, ಸಡಿಲವಾದರೆ ಗರಿಗಳು ಒಂದನ್ನೊಂದು ಉಜ್ಜಿ ಅಕ್ಷರ ಸವೆಯುತ್ತದೆ.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿದಿತ್ತು. ಕಟ್ಟಿನೊಡನೆ ಬೇವಿನ ಎಲೆ, ಬಜೆಯ ಬೇರು ಇಡುತ್ತಿದ್ದರು. ಹತ್ತಿಯ ವಸ್ತ್ರದಲ್ಲಿ ಬಿಗಿಯಾಗಿ ಸುತ್ತುತ್ತಿದ್ದರು. ಅಡುಗೆಮನೆಯ ಅಟ್ಟದಲ್ಲಿಟ್ಟರೆ ಒಲೆಯ ಹೊಗೆಗೆ ಹುಳು ಸುಳಿಯುತ್ತಿರಲಿಲ್ಲ. ಸೌದೆಯ ಒಲೆ ಹೋಗಿ ಅನಿಲದ ಒಲೆ ಬಂದಿತು, ಹೊಗೆ ನಿಂತಿತು, ಆದರೆ ಕಟ್ಟು ಮಾತ್ರ ಅದೇ ಅಟ್ಟದಲ್ಲಿ ಉಳಿಯಿತು. ಹಿಂದೆ ಕಾಪಾಡುತ್ತಿದ್ದ ಸ್ಥಳವೇ ಇಂದು ಅಪಾಯದ ಸ್ಥಳವಾಗಿದೆ.

ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಓಲೆಯ ನಾಲ್ಕನೆಯ ವೈರಿ ನಮ್ಮ ಭಕ್ತಿಯೇ ಆಗಿರುವುದು. ಒದ್ದೆ ವಿಭೂತಿ, ಕುಂಕುಮ, ಹೂವಿನ ನೀರು, ದೀಪದ ಎಣ್ಣೆ ಇವೆಲ್ಲ ವಸ್ತ್ರದಲ್ಲಿ ಇಂಗಿ ಒಳಗಿನ ಗರಿಗಳನ್ನು ಸೇರುತ್ತವೆ. ಮೇಲಿನ ಹತ್ತು ಹದಿನೈದು ಗರಿಗಳು ಅಂಟಿಕೊಂಡು ಒಂದೇ ಹಲಗೆಯಂತಾಗುತ್ತವೆ. ಗ್ರಂಥದ ಹೆಸರು, ಕರ್ತೃವಿನ ಸ್ತುತಿ ಇರುವುದು ಮೊದಲ ಗರಿಗಳಲ್ಲಿ. ಬರೆದವನ ಹೆಸರು, ಕಾಲ ಇರುವುದು ಕೊನೆಯ ಗರಿಯಲ್ಲಿ. ಪೂಜೆ ಮುಟ್ಟುವುದು ಮೇಲಿನ ಗರಿಯನ್ನು, ನೆಲದ ತೇವ ಮುಟ್ಟುವುದು ಕೆಳಗಿನ ಗರಿಯನ್ನು. ನಾವು ಕಂಡ ಎಷ್ಟೋ ಕಟ್ಟುಗಳಲ್ಲಿ ನಡುವಿನ ಗ್ರಂಥ ಚೆನ್ನಾಗಿದ್ದು, ಅದು ಯಾವ ಗ್ರಂಥ, ಯಾರು ಬರೆದದ್ದು ಎಂಬುದೇ ಅಳಿಸಿಹೋಗಿರುವುದಕ್ಕೆ ಇದೇ ಕಾರಣ.

ಓಲೆಗೆ ಮಾತ್ರ ಈ ಗತಿಯೆಂದಲ್ಲ. ಹಳೆಯ ತಾಮ್ರಪಟವನ್ನು ಹಬ್ಬ ಬಂದಿತೆಂದು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದುಂಟು. ಪ್ರತಿ ಸಲವೂ ಹುಳಿಯು ಲೋಹದ ಒಂದು ಪದರವನ್ನು ತಿಂದು, ಅಕ್ಷರದ ಆಳವನ್ನು ಕಡಿಮೆ ಮಾಡುತ್ತದೆ. ಗುಡಿಯ ಶಾಸನದ ಕಲ್ಲಿಗೆ ಸುಣ್ಣ ಬಳಿಯುವುದು, ನೂರಾರು ವರ್ಷಗಳ ಮರದ ಮೂರ್ತಿಗೆ ಅಂಗಡಿಯ ಎಣ್ಣೆಬಣ್ಣ ಹಚ್ಚಿ ಹೊಳಪು ಕೊಡುವುದು ಇವೂ ಇದೇ ಜಾತಿಯ ಸೇವೆಗಳು. ಹೊಸದಾಗಿ ಕಾಣಿಸುವುದೇ ಉಳಿಸುವುದೆಂಬ ಭ್ರಾಂತಿ ಇವೆಲ್ಲದರ ಮೂಲ.

ನಮ್ಮ ಕೈಯಿಂದಾದ ಅಪರಾಧ

ಇದನ್ನು ಪರರನ್ನು ಹಳಿಯಲೆಂದು ಬರೆಯುತ್ತಿಲ್ಲ. ಇದೇ ಭ್ರಾಂತಿಯಲ್ಲಿ ನಾವೂ ಬಿದ್ದವರು. ಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲ. ನಮಗೆ ಆಗ ಹದಿನಾಲ್ಕರ ವಯಸ್ಸು. ಶ್ರಾವಣಕ್ಕೆ ಮೊದಲು ಗ್ರಂಥಗಳ ಕಟ್ಟುಗಳನ್ನು ಬಿಚ್ಚಿ, ಮೆತ್ತನೆಯ ಬಟ್ಟೆಯಿಂದ ಧೂಳು ತೆಗೆದಿಡುವಂತೆ ಗುರುಗಳು ನಮಗೆ ಅಪ್ಪಣೆ ಮಾಡಿ ಪರಸ್ಥಳಕ್ಕೆ ದಯಮಾಡಿಸಿದ್ದರು. ಧೂಳು ತೆಗೆದರೆ ಸಾಕಿತ್ತು. ಅವರು ಮರಳಿ ಬಂದಾಗ ಮೆಚ್ಚಬೇಕೆಂಬ ಆಸೆ ನಮ್ಮನ್ನು ಅಷ್ಟಕ್ಕೆ ನಿಲ್ಲಗೊಡಲಿಲ್ಲ. ಒಂದು ಕಟ್ಟಿನ ಗರಿಗಳಿಗೆಲ್ಲ ಕೊಬ್ಬರಿ ಎಣ್ಣೆಯನ್ನು ಧಾರಾಳವಾಗಿ ಸವರಿ, ಮಾಳಿಗೆಯ ಮೇಲೆ ನಡುಹಗಲಿನ ಬಿಸಿಲಿಗೆ ಹರವಿದೆವು. ಸಂಜೆ ಹೋಗಿ ನೋಡುವಷ್ಟರಲ್ಲಿ ಗರಿಗಳು ಸುರುಳಿಗಟ್ಟಿ, ಅಂಚುಗಳು ಸೀಳಿ, ಕೆಲವು ಮುರಿದೇ ಹೋಗಿದ್ದವು. ಎಣ್ಣೆಯ ಅಂಟಿಗೆ ಮಾಳಿಗೆಯ ಮಣ್ಣೆಲ್ಲ ಮೆತ್ತಿಕೊಂಡಿತ್ತು.

ಇಷ್ಟೇ ಆಗಿದ್ದರೆ ಬಾಲಬುದ್ಧಿಯೆಂದು ಮರೆಯಬಹುದಾಗಿತ್ತು. ಆಗಿದ್ದು ಇನ್ನೂ ದೊಡ್ಡದು. ಒಂದು ಗರಿಯಲ್ಲಿ ಪದವೊಂದರ ಮೊದಲ ಅಕ್ಷರವನ್ನು ಹುಳು ತಿಂದಿತ್ತು, ಎರಡನೆಯದರ ಗುಣಿತ ಸವೆದಿತ್ತು. ನಾವು ಅಲ್ಪಸ್ವಲ್ಪ ಓದು ಬಲ್ಲವರು. ಅದು 'ಅರಿವು' ಎಂದೇ ಇರಬೇಕೆಂದು ನಿಶ್ಚಯಿಸಿ, ಕಂಟ ತೆಗೆದುಕೊಂಡು, ತೂತಿನ ಪಕ್ಕದಲ್ಲಿ ಅಕ್ಷರ ಕೊರೆದು, ಮಸಿ ತುಂಬಿದೆವು. ಎಷ್ಟೋ ವರ್ಷಗಳ ಮೇಲೆ ಅದೇ ವಚನದ ಬೇರೊಂದು ಪ್ರತಿಯನ್ನು ಓದುವ ಯೋಗ ಒದಗಿತು. ಅಲ್ಲಿ ಆ ಸ್ಥಾನದಲ್ಲಿ 'ಮರೆವು' ಎಂದಿತ್ತು! ವಾಕ್ಯದ ಅರ್ಥವೇ ತಿರುಗಿ ನಿಂತಿತು. ಹುಳು ತಿಂದದ್ದು ಒಂದು ಅಕ್ಷರವನ್ನು. ನಾವು ಕೆಡಿಸಿದ್ದು ಶರಣರ ಮಾತನ್ನು. ತೂತು ತೂತಾಗಿಯೇ ಉಳಿದಿದ್ದರೆ ಮುಂದೆ ಬಂದ ವಿದ್ವಾಂಸನು ಎಚ್ಚರದಿಂದ ಓದುತ್ತಿದ್ದನು. ನಾವು ತುಂಬಿದ್ದರಿಂದ ಅವನು ಮೋಸಹೋಗುವಂತಾಯಿತು.

ಗುರುಗಳು ಮರಳಿ ಬಂದ ದಿನ ಹರಿದ ಗರಿಗಳನ್ನು ನೋಡಿ ಒಂದು ಮಾತನ್ನೂ ಆಡಲಿಲ್ಲ. ಮರುದಿನ ಒಂದು ಸಣ್ಣ ಮರದ ಪೆಟ್ಟಿಗೆಯನ್ನು ನಮ್ಮ ಕೈಗಿತ್ತು, 'ತುಂಡುಗಳನ್ನು ಎಸೆಯಬೇಡ. ಇಂದು ಜೋಡಿಸಲಾರದವನು ನೀನು. ಜೋಡಿಸಬಲ್ಲವನು ನಾಳೆ ಬರಬಹುದು' ಎಂದರು. ಸಂರಕ್ಷಣೆಯ ವಿಷಯದಲ್ಲಿ ಆಮೇಲೆ ನಾವು ಓದಿದ, ಕೇಳಿದ ಎಲ್ಲ ತತ್ತ್ವಗಳೂ ಆ ಎರಡು ಮಾತುಗಳ ವಿಸ್ತಾರವೇ ಆಗಿ ತೋರುತ್ತವೆ.

ಜೀರ್ಣೋದ್ಧಾರದ ನಿಜಾರ್ಥ

ಇಂದಿನ ಸಂರಕ್ಷಕರು ಅನುಸರಿಸುವ ನಿಯಮಗಳು ಮುಖ್ಯವಾಗಿ ಮೂರು. ಅಗತ್ಯಕ್ಕಿಂತ ಹೆಚ್ಚು ಮುಟ್ಟಬಾರದು. ಮಾಡಿದ ಕೆಲಸವನ್ನು ಮುಂದೆ ಬೇಕಾದಾಗ ಮೂಲಕ್ಕೆ ಹಾನಿಯಿಲ್ಲದೆ ಬಿಡಿಸಲು ಬರುವಂತಿರಬೇಕು. ಹೊಸದಾಗಿ ಸೇರಿಸಿದುದು ಹೊಸದೆಂದು ಗುರುತಿಸುವಂತಿರಬೇಕು.

ರೋಗಿಯನ್ನು ಪರೀಕ್ಷಿಸಿದಂತೆ ಮೊದಲು ಪರೀಕ್ಷೆ ನಡೆಯುತ್ತದೆ. ಗರಿಗಳ ಸಂಖ್ಯೆ, ಅಳತೆ, ಕೊರೆದದ್ದೋ ಶಾಯಿಯದೋ, ಎಲ್ಲಿ ಒಡೆದಿದೆ, ಎಲ್ಲಿ ಬೂಷ್ಟು ಇದೆ ಎಂಬುದನ್ನೆಲ್ಲ ಬರೆದು, ಛಾಯಾಚಿತ್ರ ತೆಗೆಯುತ್ತಾರೆ. ಬಳಿಕ ಹುಳುಗಳ ನಿವಾರಣೆ. ಹಿಂದೆ ಇದಕ್ಕೆ ಉಗ್ರವಾದ ರಾಸಾಯನಿಕಗಳ ಧೂಮವನ್ನು ಕೊಡುತ್ತಿದ್ದರು. ಕೆಲಸ ಮಾಡುವವರ ಆರೋಗ್ಯಕ್ಕೆ ಅವು ಹಾನಿಕರವೆಂದು ತಿಳಿದ ಮೇಲೆ, ಗಾಳಿಯಾಡದಂತೆ ಚೀಲದಲ್ಲಿ ಮುಚ್ಚಿ ಕೆಲವು ದಿನ ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಅಥವಾ ಅದಕ್ಕೂ ಕೆಳಗಿನ ಶೈತ್ಯದಲ್ಲಿಡುವುದು, ಆಮ್ಲಜನಕವನ್ನು ತೆಗೆದು ಹುಳುವಿಗೆ ಉಸಿರಿಲ್ಲದಂತೆ ಮಾಡುವುದು ಮೊದಲಾದ ಕ್ರಮಗಳು ಬಂದಿವೆ.

ಆಮೇಲೆ ಮೃದುವಾದ ಕುಂಚದಿಂದ ಧೂಳು ತೆಗೆಯುವುದು. ಕೊರೆದ ಓಲೆಯಾದರೆ ಮದ್ಯಸಾರವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಬೆರೆಸಿ, ಹತ್ತಿಯ ತುದಿಯಿಂದ ಹದವಾಗಿ ಒರೆಸುತ್ತಾರೆ. ಶಾಯಿಯ ಓಲೆಗೆ ಇದು ಸಲ್ಲದು, ಅಕ್ಷರವೇ ಕೊಚ್ಚಿಹೋಗುತ್ತದೆ. ಅಂಟಿಕೊಂಡ ಗರಿಗಳನ್ನು ತೇವಾಂಶದ ಪೆಟ್ಟಿಗೆಯಲ್ಲಿಟ್ಟು, ನಿಧಾನವಾಗಿ ಮೆತ್ತಗಾಗಿಸಿ, ತೆಳುವಾದ ಕಡ್ಡಿಯಿಂದ ಒಂದೊಂದಾಗಿ ಬಿಡಿಸುತ್ತಾರೆ. ಒಂದು ಗರಿಗೆ ಒಂದು ದಿನವೇ ಹಿಡಿದರೂ ಆಶ್ಚರ್ಯವಿಲ್ಲ. ಸೆಟೆದ ಗರಿಗೆ ನಿಂಬೆಹುಲ್ಲಿನ ಎಣ್ಣೆಯನ್ನೋ ಸಿಟ್ರೊನೆಲ್ಲಾ ಎಣ್ಣೆಯನ್ನೋ ಬಲು ತೆಳುವಾಗಿ ಸವರುವ ರೂಢಿಯಿದೆ. ಇದರಲ್ಲಿಯೂ ಅತಿ ಸಲ್ಲದೆಂಬುದು ಈಗಿನ ಅಭಿಪ್ರಾಯ. ಎಣ್ಣೆ ಹೆಚ್ಚಾದರೆ ಗರಿ ಕಪ್ಪಾಗುತ್ತದೆ, ಧೂಳನ್ನು ಸೆಳೆಯುತ್ತದೆ. ಸೀಳಿದ ಅಂಚಿಗೆ ಜಪಾನಿನಲ್ಲಿ ಒಂದು ಬಗೆಯ ಮರದ ನಾರಿನಿಂದ ತಯಾರಿಸುವ ಅತಿ ತೆಳುವಾದ ಕಾಗದವನ್ನು ಪಿಷ್ಟದ ಅಂಟಿನಿಂದ ಜೋಡಿಸುತ್ತಾರೆ. ಬೇಕಾದಾಗ ಆ ಅಂಟನ್ನು ಬಿಡಿಸಬಹುದು.

ಒಂದು ಕಾಲಕ್ಕೆ ಗ್ರಂಥಾಲಯಗಳಲ್ಲಿ ಹಳೆಯ ಹಾಳೆಗಳನ್ನೂ ಓಲೆಗಳನ್ನೂ ಪಾರದರ್ಶಕ ಪ್ಲಾಸ್ಟಿಕ್ ಪೊರೆಯೊಳಗೆ ಒತ್ತಿ ಮುಚ್ಚುವುದೇ ಶ್ರೇಷ್ಠವೆಂದು ನಂಬಿದ್ದರು. ಕಾಲಾಂತರದಲ್ಲಿ ಆ ಪೊರೆ ಹಳದಿಯಾಗಿ, ಬಿರುಕುಬಿಟ್ಟು, ಒಳಗಿನ ವಸ್ತುವನ್ನೂ ತನ್ನೊಡನೆ ಎಳೆದುಕೊಳ್ಳತೊಡಗಿತು. ಬಿಡಿಸಲು ಬರುವಂತಿರಬೇಕೆಂಬ ನಿಯಮದ ಬೆಲೆ ಆಗ ಎಲ್ಲರಿಗೂ ಮನವರಿಕೆಯಾಯಿತು. ತಜ್ಞರೂ ತಪ್ಪು ಮಾಡುತ್ತಾರೆ. ಆದುದರಿಂದಲೇ ಮುಂದಿನವರು ತಿದ್ದಲು ಅವಕಾಶವನ್ನು ಉಳಿಸಿಡಬೇಕು.

ಛಾಯಾಚಿತ್ರ ತೆಗೆದು ಗಣಕಯಂತ್ರದಲ್ಲಿ ಸಂಗ್ರಹಿಸಿಟ್ಟರೆ ಸಾಲದೇ ಎಂದು ಯುವಕರು ಕೇಳುತ್ತಾರೆ. ಅದು ಅತ್ಯಗತ್ಯವೇ. 2003ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರಲ್ಲಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಳನ್ನು ಗುರಿಯಾಗಿಟ್ಟುಕೊಂಡು 'ಜ್ಞಾನ ಭಾರತಂ' ಎಂಬ ಯೋಜನೆಯನ್ನು ಪ್ರಕಟಿಸಿತು. ಚಿತ್ರವಿದ್ದರೆ ಮೂಲವನ್ನು ಪದೇಪದೇ ಮುಟ್ಟಬೇಕಾಗಿಲ್ಲ, ದೂರದ ವಿದ್ವಾಂಸನೂ ಓದಬಹುದು. ಆದರೆ ಕಂಟದ ಗೀರು ಎಷ್ಟು ಆಳವಾಗಿದೆ, ಒಂದು ಅಕ್ಷರವನ್ನು ಆಮೇಲೆ ತಿದ್ದಿದ್ದಾರೆಯೇ, ಇದು ತಾಳೆಯೋ ಶ್ರೀತಾಳೆಯೋ ಎಂಬ ಪ್ರಶ್ನೆ ಬಂದಾಗ ಮೂಲವೇ ಸಾಕ್ಷಿ ಹೇಳಬೇಕು. ನಮ್ಮ 'ಅರಿವು' ಹೊಸ ಕೈಯದೆಂದು ಹಿಡಿಯಬೇಕಾದರೂ ಆ ಗರಿಯೇ ಬೇಕು.

ಮನೆಯವರು ಮಾಡಬೇಕಾದದ್ದು

ಓದುಗರ ಮನೆಗಳಲ್ಲಿ ಇಂತಹ ಕಟ್ಟಿದ್ದರೆ ಕೆಲವು ಬಿನ್ನಹಗಳಿವೆ.

ಪೂಜೆಯನ್ನು ಬಿಡಬೇಕಾಗಿಲ್ಲ. ಕಟ್ಟನ್ನು ಒಂದು ಮರದ ಪೆಟ್ಟಿಗೆಯಲ್ಲಿಟ್ಟು, ವಿಭೂತಿ ಪುಷ್ಪಗಳನ್ನು ಪೆಟ್ಟಿಗೆಯ ಮುಂದೆ ಇಡಿರಿ. ಕಟ್ಟಿಗೆ ನೀರು, ಎಣ್ಣೆ, ಕುಂಕುಮ ತಾಗದಿರಲಿ. ಬಚ್ಚಲಿನ ಗೋಡೆ, ಹೊರಗೋಡೆ, ನೆಲ ಇವುಗಳಿಂದ ದೂರವಿರಲಿ. ಒಗೆದು ಒಣಗಿಸಿದ ಹತ್ತಿಯ ವಸ್ತ್ರದಲ್ಲಿ ಸುತ್ತಿರಿ, ಪ್ಲಾಸ್ಟಿಕ್ ಚೀಲ ಬೇಡ. ವರ್ಷಕ್ಕೊಮ್ಮೆ ಮಳೆಗಾಲ ಕಳೆದು ಹವೆ ಒಣಗಿದ ಮೇಲೆ, ಗಾಳಿಯಾಡುವ ನೆರಳಿನಲ್ಲಿ, ಒಣಗಿದ ಶುಭ್ರವಾದ ಕೈಯಿಂದ ಬಿಚ್ಚಿ ನೋಡಿರಿ. ಹೊಸ ಪುಡಿ ಉದುರಿದ್ದರೆ ಹುಳು ಜೀವಂತವಾಗಿದೆಯೆಂದು ತಿಳಿದು, ಆ ಕಟ್ಟನ್ನು ಇತರ ಪುಸ್ತಕಗಳಿಂದ ಬೇರೆಯಿಡಿರಿ.

ಅಂಟಿಕೊಂಡ ಗರಿಗಳನ್ನು ನೀವೇ ಬಿಡಿಸಲು ಹೋಗಬೇಡಿರಿ. ಅಂಟುಪಟ್ಟಿಯಿಂದ ಜೋಡಿಸಬೇಡಿರಿ. ಮಾಸಿದ ಅಕ್ಷರದ ಮೇಲೆ ಲೇಖನಿ ಆಡಿಸಬೇಡಿರಿ. ಗರಿಗಳ ಕ್ರಮವನ್ನು ಬದಲಿಸಬೇಡಿರಿ. ಉದುರಿದ ತುಂಡುಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿಡಿರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅಲ್ಲಿಯದೇ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇಲ್ಲೆಲ್ಲ ಹಸ್ತಪ್ರತಿಗಳ ಸಂಗ್ರಹಗಳಿವೆ. ಓದಬಲ್ಲವರ ಸಲಹೆಯನ್ನು ಅಲ್ಲಿ ಕೇಳಬಹುದು.

ಇನ್ನೊಂದು ಎಚ್ಚರಿಕೆ. ಹಳೆಯ ಸಾಮಾನು ಕೊಳ್ಳುವೆವೆಂದು ಹಳ್ಳಿಗೆ ಬರುವವರ ಹಣಕ್ಕೆ ಮರುಳಾಗಿ ಕಟ್ಟನ್ನು ಮಾರಬೇಡಿರಿ. ಸಾಹಿತ್ಯಕವಾಗಿ, ಐತಿಹಾಸಿಕವಾಗಿ ಮಹತ್ತ್ವವುಳ್ಳ, 75 ವರ್ಷಕ್ಕೂ ಹಳೆಯದಾದ ಹಸ್ತಪ್ರತಿಯು 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತುವೆನಿಸುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವುದು ಅಪರಾಧ.

ಗಂಟು ಮನೆಗೆ ಮರಳಿತು

ಮಲಪ್ರಭಾ ತೀರದ ಆ ತಾಯಿಯ ಮಾತಿಗೆ ಈಗ ಮರಳೋಣ. ನಾವು ಬಂದ ನಾಲ್ಕನೆಯ ತಿಂಗಳಿಗೆ ಅವರ ಮೊಮ್ಮಗನಿಂದ ದೂರವಾಣಿ ಬಂದಿತು. ಜಗಲಿಯ ಮೇಲಿನ ಪುಡಿಯನ್ನು ಆ ತಾಯಿ ದಿನವೂ ಬೆಳಿಗ್ಗೆ ಒರೆಸುತ್ತಿದ್ದರಂತೆ, ಮರುದಿನ ಅದು ಮತ್ತೆ ಬಿದ್ದಿರುತ್ತಿತ್ತಂತೆ. ಕೊನೆಗೊಂದು ದಿನ, 'ನಮ್ಮ ಅತ್ತಿ ಬಿಚ್ಚಬ್ಯಾಡ ಅಂದದ್ದು ಉಳೀಲಿ ಅಂತ. ಸಾಯಲಿ ಅಂತ ಅಲ್ಲ' ಎಂದು ಅವರೇ ಅಪ್ಪಣೆ ಕೊಟ್ಟರಂತೆ. ಅವರ ಷರತ್ತು ಒಂದೇ: ಗಂಟು ಮನೆಗೆ ಮರಳಿ ಬರಬೇಕು.

ನಮಗೆ ಪರಿಚಿತರಾದ ಸಂರಕ್ಷಕಿಯೊಬ್ಬರು ಆ ಕೆಲಸವನ್ನು ವಹಿಸಿಕೊಂಡರು. ಗರಿಗಳನ್ನು ಬಿಡಿಸಿ ನೋಡಿದಾಗ ಅರ್ಧ ಭಾಗ ವಚನಗಳ ಸಂಕಲನ. ಇನ್ನುಳಿದುದರಲ್ಲಿ ದನಕರುಗಳ ಔಷಧ, ಮಳೆ ನಕ್ಷತ್ರಗಳ ಲೆಕ್ಕ, ಯಾರಿಗೋ ಕೊಟ್ಟ ಜೋಳದ ಬಾಬತ್ತು! ಮೊದಲ ಹನ್ನೊಂದು ಗರಿಗಳು ವಿಭೂತಿಯ ನೀರಿನಿಂದ ಕಲ್ಲಾಗಿದ್ದವು. ಅವುಗಳಲ್ಲಿ ಬಿಡಿಸಲು ಬಂದದ್ದು ಏಳು ಮಾತ್ರ. ಸಂಕಲನದ ಹೆಸರು ಸಿಗಲೇ ಇಲ್ಲ. ಕೊನೆಯ ಗರಿಯಲ್ಲಿ, ಈ ಪ್ರತಿಯನ್ನು ಆ ಮನೆಯ ಹೆಣ್ಣುಮಗಳೊಬ್ಬಳ ಓದಿಗಾಗಿ ಬರೆದುದೆಂಬ ಅರ್ಥದ ಒಕ್ಕಣೆಯಿತ್ತು. ಅವಳ ಹೆಸರು ಇರಬೇಕಾದ ಜಾಗದಲ್ಲಿ ಹುಳು ಕೊರೆದ ತೂತು. ಹೆಸರಿನ ಕೊನೆಗೆ 'ವ್ವ' ಎಂಬುದಷ್ಟೇ ಉಳಿದಿತ್ತು.

ಮೊಮ್ಮಗನಿಗೆ ಆ ಹೆಸರನ್ನು ತುಂಬಿಸಬೇಕೆಂಬ ಆಸೆ. ನೀಲವ್ವ, ಗಂಗವ್ವ, ಗುರವ್ವ ಎಂದು ವಂಶದ ಹೆಸರುಗಳನ್ನು ಒಂದೊಂದಾಗಿ ಹೇಳಿನೋಡಿದರು. ಸಂರಕ್ಷಕಿ ತಲೆಯಾಡಿಸಿ, ತೂತಿನ ಹಿಂದೆ ತೆಳುಗಾಗದವನ್ನಷ್ಟೇ ಅಂಟಿಸಿ, ಖಾಲಿಯಾಗಿಯೇ ಬಿಟ್ಟರು. ನಮಗೆ ನಮ್ಮ 'ಅರಿವು' ನೆನಪಾಯಿತು. ಸುಮ್ಮನಿದ್ದೆವು.

ಗಂಟನ್ನು ಮನೆಗೆ ಒಯ್ದ ದಿನ ನಾವೂ ಜೊತೆಗೆ ಹೋಗಿದ್ದೆವು. ಪ್ರತಿ ಗರಿಯ ದೊಡ್ಡ ಅಕ್ಷರದ ಲಿಪ್ಯಂತರವನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಪಕ್ಕದಲ್ಲಿಟ್ಟೆವು. ಒಂದು ಹೆಣ್ಣುಮಗುವಿನ ಓದಿಗಾಗಿ ಬರೆದ ಗ್ರಂಥ ಇದು ಎಂದು ತಿಳಿಸಿದಾಗ ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ಐದನೆಯ ತರಗತಿಯಲ್ಲಿ ಓದುತ್ತಿದ್ದ ಮರಿಮಗಳನ್ನು ಕರೆದು ಕೂರಿಸಿಕೊಂಡು, 'ಓದವ್ವಾ, ನನಗ ಓದಾಕ ಬರೂದಿಲ್ಲ' ಎಂದರು. ಹುಡುಗಿ ತಡವರಿಸುತ್ತ ಓದತೊಡಗಿತು. ಮನೆಯವರೆಲ್ಲ ಕೈಮುಗಿದು ಕುಳಿತು ಕೇಳಿದರು.

ಆ ಗ್ರಂಥಕ್ಕೆ ಅಂದು ನಿಜವಾದ ಪೂಜೆ ಸಂದಿತೆಂದು ನಾವು ಭಾವಿಸಿದ್ದೇವೆ. ನಿಮ್ಮ ಮನೆಯ ಜಗಲಿಯ ಮೇಲೂ ಅಂತಹದೊಂದು ಗಂಟಿದ್ದರೆ, ಈ ಶ್ರಾವಣಕ್ಕೆ ಮೊದಲು ಅದರ ಬುಡದಲ್ಲಿ ಪುಡಿ ಬಿದ್ದಿದೆಯೇ ಎಂದು ಒಮ್ಮೆ ನೋಡಿರಿ.